ಸ್ಲಾವೋನಿಯದ ಓಕ್ ಕಾಡು



ಶಾಲೆಯಲ್ಲಿ ನಾವು ಓದಿದ ಇಂಗ್ಲಿಷ್ ಪಾಠಪುಸ್ತಕಗಳಲ್ಲಿ ಓಕ್ ಮರದ ಹೆಸರು ಮೇಲಿಂದಮೇಲೆ ಬರುತ್ತಿತ್ತು. ಮರವನ್ನು ಕಣ್ಣಾರೆ ಕಂಡವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ; ಪಾಠ ಹೇಳುತ್ತಿದ್ದ ಉಪಾಧ್ಯಾಯರೂ ಕಂಡಿದ್ದರೆಂದು ನನಗೆ ತೋರುವುದಿಲ್ಲ. ಆದುದರಿಂದ ಓಕ್ ಎಂದರೆ ಇಂಗ್ಲೆಂಡಿನ ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತಿರುವ ಒಂದು ಮುದಿಮರ ಎಂಬ ಭಾವನೆಯೇ ನಮ್ಮಲ್ಲಿ ಬೇರೂರಿಬಿಟ್ಟಿತು. ಅದೇ ಮರವು ಬೆಟ್ಟವಿಲ್ಲದ, ಕಲ್ಲಿಲ್ಲದ, ವಸಂತದಲ್ಲಿ ಮೊಳಕಾಲುದ್ದ ನೀರು ನಿಲ್ಲುವ ಬಯಲಿನಲ್ಲಿ, ಸಾಲುಸಾಲಾಗಿ, ನೂರಾರು ಚದರ ಕಿಲೋಮೀಟರುಗಳ ಉದ್ದಗಲಕ್ಕೆ ಕಾಡಾಗಿ ನಿಂತಿರುವ ದೇಶವೊಂದು ಉಂಟು. ಅದರ ವಿಚಾರವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಯುರೋಪಿನ ಭೂಪಟದಲ್ಲಿ ಡಾನ್ಯೂಬ್ ನದಿಯನ್ನು ಹಿಡಿದು ಬೆಲ್‌ಗ್ರೇಡ್ ನಗರದವರೆಗೆ ಬನ್ನಿ. ಅಲ್ಲಿ ಪಶ್ಚಿಮದಿಂದ ಬರುವ ಸಾವ ಎಂಬ ನದಿಯು ಡಾನ್ಯೂಬನ್ನು ಕೂಡುತ್ತದೆ. ಈ ಸಾವ ನದಿಯ ದಿಕ್ಕಿನಲ್ಲಿ ಹಿಂದಕ್ಕೆ, ಎಂದರೆ ಪಶ್ಚಿಮಕ್ಕೆ, ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಾಗಿ ನಡೆದರೆ ಕ್ರೊಯೇಷಿಯ ದೇಶದ ಪೂರ್ವದ ಮೂಲೆಯನ್ನು ಮುಟ್ಟುತ್ತೇವೆ. ಈ ಸೀಮೆಗೆ ಸ್ಲಾವೋನಿಯ ಎಂದು ಹೆಸರು. ಸ್ಲೊವೇನಿಯ ಬೇರೆ, ಸ್ಲೊವಾಕಿಯ ಬೇರೆ. ಈ ಮೂರನ್ನೂ ಕಲಸಿಬಿಡುವುದು ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಇರುವ ದೋಷವಲ್ಲ, ದೊಡ್ಡ ದೊಡ್ಡ ವೃತ್ತಪತ್ರಿಕೆಗಳಿಗೂ ಇದೆ. ಉತ್ತರಕ್ಕೆ ದ್ರಾವ, ಪೂರ್ವಕ್ಕೆ ಡಾನ್ಯೂಬ್, ದಕ್ಷಿಣಕ್ಕೆ ಸಾವ—ಹೀಗೆ ಮೂರು ಕಡೆ ನದಿಗಳೇ ಎಲ್ಲೆಯಾಗಿರುವ ನಾಡು ಇದು. ಇದರ ಆಗ್ನೇಯ ಭಾಗದಲ್ಲಿ, ವಿನ್‌ಕೋವ್ತ್ಸಿ ಪಟ್ಟಣಕ್ಕೂ ಸಾವ ನದಿಗೂ ನಡುವೆ, ಸ್ಪಾಚ್ವ ಎಂಬ ಸಣ್ಣ ಹೊಳೆಯ ಸುತ್ತ, ನಾನು ಹೇಳುವ ಕಾಡು ಹಬ್ಬಿದೆ. ಹೊಳೆಯ ಹೆಸರೇ ಕಾಡಿಗೂ ಬಂದಿದೆ.

ಕಾಡಿನ ವಿಸ್ತಾರ ಕ್ರೊಯೇಷಿಯದ ಭಾಗದಲ್ಲಿಯೇ ಸುಮಾರು ೪೦,೦೦೦ ಹೆಕ್ಟೇರ್, ಎಂದರೆ ೪೦೦ ಚದರ ಕಿಲೋಮೀಟರ್. ಪೂರ್ವದಲ್ಲಿ ಸರ್ಬಿಯದ ಗಡಿಯನ್ನು ದಾಟಿ ಬೊಸೂತ್ ಕಾಡೆಂಬ ಹೆಸರಿನಿಂದ ಅದೇ ಮುಂದುವರಿಯುತ್ತದೆ. ನಮ್ಮ ಬಂಡೀಪುರದ ಅರ್ಧದಷ್ಟೂ ಆಗಲಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಯುರೋಪಿನ ಬಯಲುನಾಡು ಸಾವಿರಾರು ವರ್ಷಗಳಿಂದ ನೇಗಿಲಿಗೆ ಸಿಕ್ಕಿದ ನೆಲ. ಅಲ್ಲಿ ಬೆಟ್ಟದ ಮೇಲೆ ಕಾಡು ಉಳಿಯಿತು. ಬಯಲಿನಲ್ಲಿ ಗೋಧಿ ಬಂದಿತು. ಬಯಲಿನ ಓಕ್ ಕಾಡು ಈ ಪ್ರಮಾಣದಲ್ಲಿ ಒಂದೇ ಕಡೆ ಕೂಡಿಕೊಂಡು ಉಳಿದಿರುವ ಸ್ಥಳಗಳು ಆ ಖಂಡದಲ್ಲಿ ತೀರ ಕಡಿಮೆ. ಇರುವುದರಲ್ಲಿ ಅತಿ ದೊಡ್ಡವುಗಳ ಸಾಲಿಗೆ ಇದು ಸೇರುತ್ತದೆ.

ಹೀಗೆ ಉಳಿಯುವುದಕ್ಕೆ ಕಾರಣವೇನು? ನೀರು. ಈ ಕಾಡಿನ ಭೂಗೋಳವೆಲ್ಲವೂ ಈ ಒಂದು ಮಾತಿನಲ್ಲಿದೆ. ನೆಲವು ಸಮುದ್ರಮಟ್ಟದಿಂದ ಸುಮಾರು ೮೦ ಮೀಟರ್ ಎತ್ತರದಲ್ಲಿದೆ. ಇಲ್ಲಿಯ ನೀರು ಸಾವದ ಮೂಲಕ ಡಾನ್ಯೂಬನ್ನು ಸೇರಿ, ಬೆಲ್‌ಗ್ರೇಡಿನಿಂದ ಮುಂದೆ ಇನ್ನೂ ೧,೧೭೦ ಕಿಲೋಮೀಟರ್ ಹರಿದು ಕಪ್ಪು ಸಮುದ್ರಕ್ಕೆ ಹೋಗಬೇಕು. ಅಷ್ಟು ದೂರಕ್ಕೆ ಅಷ್ಟೇ ಇಳಿಜಾರು! ಆದುದರಿಂದ ಬೊಸೂತ್, ಸ್ತೂದ್ವ, ಸ್ಪಾಚ್ವ ಮೊದಲಾದ ಇಲ್ಲಿಯ ಹೊಳೆಗಳು ಹರಿಯುತ್ತಿವೆಯೋ ನಿಂತಿವೆಯೋ ಎಂಬುದು ದಡದಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ. ಬೊಸೂತ್ ನದಿಯಂತೂ, ಸಾವದಲ್ಲಿ ಪ್ರವಾಹ ಬಂದಾಗ, ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯುತ್ತಿತ್ತು.

ಇಂತಹ ಸಮನೆಲದಲ್ಲಿ ಒಂದು ಮೊಳದ ಎತ್ತರಕ್ಕೆ ಬರುವ ಬೆಲೆ ನಮಗೆ ಊಹಿಸುವುದು ಕಷ್ಟ. ಮಲೆನಾಡಿನಲ್ಲಿ ಕಾಡಿನ ಜಾತಿ ಬದಲಾಗಬೇಕಾದರೆ ನೂರಾರು ಅಡಿ ಹತ್ತಬೇಕು. ಸ್ಪಾಚ್ವದಲ್ಲಿ ಹತ್ತು ಹೆಜ್ಜೆ ನಡೆದು ಮೊಳಕಾಲಿನಷ್ಟು ಇಳಿದರೆ ಸಾಕು, ಬೇರೊಂದು ಕಾಡು. ಅಲ್ಲಿಯ ಜನ ತಮ್ಮ ನೆಲವನ್ನು ಮೂರು ಹೆಸರುಗಳಿಂದ ಕರೆಯುತ್ತಾರೆ. ದಿಬ್ಬಕ್ಕೆ ‘ಗ್ರೇದ’, ತಗ್ಗಿಗೆ ‘ನೀಜ’, ವರ್ಷದ ಬಹುಭಾಗ ನೀರು ನಿಲ್ಲುವ ಕುಳಿಗೆ ‘ಬಾರ’. ದಿಬ್ಬವೆಂದರೆ ಸುತ್ತಣ ನೆಲಕ್ಕಿಂತ ಆಳುದ್ದ ಮೇಲಿರುವುದೂ ಅಪರೂಪ. ಆದರೆ ಅಲ್ಲಿ ಪ್ರವಾಹ ಮುಟ್ಟುವುದಿಲ್ಲವಾಗಿ ಓಕಿನ ಜೊತೆಗೆ ಹಾರ್ನ್‌ಬೀಮ್ ಎಂಬ ನೆರಳಿನ ಮರ ಬೆಳೆಯುತ್ತದೆ. ತಗ್ಗಿನಲ್ಲಿ ಹಾರ್ನ್‌ಬೀಮ್ ಬದುಕದು. ಅಲ್ಲಿ ಓಕ್ ಒಂದೇ ಅರಸು, ಅದರ ಕಾಲಡಿಯಲ್ಲಿ ಪೊದೆಗಳು ಮತ್ತು ಜೊಂಡು. ಕುಳಿಯ ಅಂಚಿಗೆ ಬಂದರೆ ಓಕೂ ಹಿಂದೆಗೆಯುತ್ತದೆ. ಆಶ್ ಮರವೂ ಆಲ್ಡರ್ ಮರವೂ ಮುಂದೆ ಬರುತ್ತವೆ. ಅನುಭವಸ್ಥನಾದ ಅರಣ್ಯಾಧಿಕಾರಿಯು ಅಳತೆಯ ಉಪಕರಣವಿಲ್ಲದೆ, ಮರಗಳನ್ನು ನೋಡಿಯೇ ನೆಲದ ಮಟ್ಟವನ್ನು ಹೇಳಬಲ್ಲನು.

ಮಳೆಯ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ವಿನ್‌ಕೋವ್ತ್ಸಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೫೦ರಿಂದ ೭೦೦ ಮಿಲಿಮೀಟರ್. ನಮ್ಮ ಮೈಸೂರು ಪಟ್ಟಣದಲ್ಲಿ ಬೀಳುವುದಕ್ಕಿಂತಲೂ ಇದು ಕಡಿಮೆ! ಬೇಸಗೆಯೂ ಅಲ್ಲಿ ಸಾಕಷ್ಟು ಬಿರುಸಾದುದೇ. ಬರಿಯ ಮಳೆಯನ್ನು ನಂಬಿದ್ದರೆ ಓಕು ಈ ಎತ್ತರಕ್ಕೆ, ಈ ದಪ್ಪಕ್ಕೆ ಬೆಳೆಯುತ್ತಿರಲಿಲ್ಲ. ಚಳಿಗಾಲದ ಹಿಮ, ವಸಂತದಲ್ಲಿ ಹರಡಿಕೊಳ್ಳುವ ನದಿಯ ನೀರು, ಇವುಗಳಿಂದ ತುಂಬಿದ ನೆಲದೊಳಗಿನ ಒರತೆ—ಇದನ್ನು ಮರವು ಬೇರಿನಿಂದ ಹೀರಿಕೊಂಡು ಬೇಸಗೆಯನ್ನು ಕಳೆಯುತ್ತದೆ. ಮೇಲಿನಿಂದ ಬಂದುದು ಸಾಲದಾದಾಗ ಕೆಳಗಿನಿಂದ ಸಾಲ ಎತ್ತುವ ಬೇಸಾಯಗಾರನಂತೆ ಇದೆ ಇದರ ಬಾಳು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು. ಮುಂದೆ ಬರುವ ಕಷ್ಟಗಳೆಲ್ಲ ಇದರಿಂದಲೇ ಬಂದವು.

ಇಲ್ಲಿಯ ಓಕಿನ ಜಾತಿ ಯಾವುದೆಂದರೆ, ಕಾಯಿಯು ಉದ್ದವಾದ ತೊಟ್ಟಿನ ತುದಿಯಲ್ಲಿ ತೂಗುವಂತಹುದು. ಇಂಗ್ಲೆಂಡಿನ ಪ್ರಸಿದ್ಧ ಓಕೂ ಇದೇ ಜಾತಿ. ಆದರೆ ಒಂಟಿಯಾಗಿ ಬೆಳೆದ ಮರವು ಕೈಕಾಲು ಚಾಚಿ ಗಂಟುಗಂಟಾಗುತ್ತದೆ. ಗುಂಪಿನಲ್ಲಿ ಬೆಳಕಿಗಾಗಿ ಪೈಪೋಟಿ ಮಾಡುತ್ತಾ ಬೆಳೆದುದು ಕೊಂಬೆಯಿಲ್ಲದ ನೇರವಾದ ಕಂಬವಾಗುತ್ತದೆ. ಸ್ಲಾವೋನಿಯದ ಓಕಿನ ಹೆಸರು ವ್ಯಾಪಾರಿಗಳ ಬಾಯಲ್ಲಿ ನಿಂತದ್ದು ಈ ನೇರವಾದ ಕಾಂಡದಿಂದ, ಮತ್ತು ಒಂದೇ ಸಮನಾಗಿ ಕೂಡಿಕೊಂಡಿರುವ ವಾರ್ಷಿಕ ಉಂಗುರಗಳಿಂದ. ಅದರ ಚೇಗಿನ ನಾಳಗಳು ತಾವಾಗಿಯೇ ಮುಚ್ಚಿಕೊಂಡಿರುವುದರಿಂದ ಮರವು ನೀರನ್ನು ಸೋರಗೊಡುವುದಿಲ್ಲ. ಪೀಪಾಯಿಗೆ ಇದಕ್ಕಿಂತ ಬೇಕಾದ ಗುಣ ಮತ್ತಾವುದು? ಇಟಲಿಯ ಪಿಯೆಡ್ಮಾಂಟ್ ಸೀಮೆಯಲ್ಲಿ ಬರೋಲೊ ಎಂಬ ದ್ರಾಕ್ಷಾರಸವನ್ನು ಹದಗೊಳಿಸಲು ಸ್ಲಾವೋನಿಯದ ಓಕಿನ ದೊಡ್ಡ ಪೀಪಾಯಿಗಳನ್ನು ಇಂದಿಗೂ ಬಳಸುತ್ತಾರೆ.

ಇನ್ನು ಈ ಕಾಡಿನ ಚರಿತ್ರೆ. ೧೬೯೯ರ ಕಾರ್ಲೊವಿಟ್ಸ್ ಒಪ್ಪಂದದ ತರುವಾಯ ತುರ್ಕರ ಆಳ್ವಿಕೆ ಸ್ಲಾವೋನಿಯದಿಂದ ಹಿಂದೆಗೆಯಿತು. ಸಾವ ನದಿಯ ದಂಡೆಯನ್ನು ಹಿಡಿದು ಆಸ್ಟ್ರಿಯದ ಚಕ್ರವರ್ತಿಗಳು ಸೈನಿಕ ಗಡಿ ಎಂಬ ಪ್ರಾಂತವನ್ನು ನಡೆಸುತ್ತಿದ್ದರು. ಅಲ್ಲಿಯ ರೈತನು ಅರ್ಧ ರೈತ, ಅರ್ಧ ಸಿಪಾಯಿ. ಗಡಿಯನ್ನು ಕಾಯುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಭೂಮಿ, ಸೌದೆ, ಮನೆ ಕಟ್ಟಲು ಮರ, ಮತ್ತು ಶರತ್ಕಾಲದಲ್ಲಿ ಓಕಿನ ಕಾಯಿ ಉದುರಿದಾಗ ಹಂದಿಗಳನ್ನು ಕಾಡಿಗೆ ಅಟ್ಟಿ ಮೇಯಿಸುವ ಹಕ್ಕು. ಈ ಕೊನೆಯದನ್ನು ಸಣ್ಣದೆಂದು ತಿಳಿಯಬಾರದು. ಕಾಯಿ ಚೆನ್ನಾಗಿ ಬಿದ್ದ ವರ್ಷ ಒಂದು ಮನೆಯ ಮಾಂಸ, ಕೊಬ್ಬು, ಕೈಗೆ ಬರುವ ಕಾಸು ಎಲ್ಲವೂ ಕಾಡಿನಿಂದಲೇ. ಸೈನ್ಯದ ಗುರುತು ಊರುಗಳ ಹೆಸರಿನಲ್ಲಿ ಇಂದಿಗೂ ಉಳಿದಿದೆ: ಕಾಡಿನ ದಕ್ಷಿಣದ ಹಳ್ಳಿಗಳ ಗುಂಪನ್ನು ಜನರು ಸ್ವೆಲ್ಫೇರಿಯ ಎಂದು ಕರೆಯುತ್ತಾರೆ; ಜರ್ಮನ್ ಭಾಷೆಯಲ್ಲಿ ‘ಹನ್ನೆರಡು’ ಎಂಬ ಮಾತಿನಿಂದ ಬಂದ ಹೆಸರು ಇದು. ಹನ್ನೆರಡನೆಯ ಕಂಪನಿಯ ಸಿಪಾಯಿಗಳಿದ್ದ ಊರುಗಳು.

ತುರ್ಕರ ಭಯ ಹೋದಮೇಲೆ ಗಡಿಯ ಕಾವಲೂ ಬೇಡವಾಯಿತು. ೧೮೭೧ರಿಂದ ಆರಂಭಿಸಿ ೧೮೮೧ರ ಹೊತ್ತಿಗೆ ಸೈನಿಕ ಗಡಿಯನ್ನು ಎತ್ತಿಬಿಟ್ಟರು. ಕಾಡಿನ ಬೆಲೆಯಲ್ಲಿ ಅರ್ಧ ಸರ್ಕಾರಕ್ಕೆ, ಅರ್ಧ ಹಳೆಯ ಸಿಪಾಯಿ ರೈತರ ಸಂಘಗಳಿಗೆ ಎಂದು ಹಂಚಿಕೆಯಾಯಿತು. ಇದರೊಡನೆ ಇನ್ನೊಂದು ಏರ್ಪಾಡು ನಡೆಯಿತು. ಸ್ಲಾವೋನಿಯದ ಗಡಿಯಲ್ಲಿ ಬಲಿತು ನಿಂತಿದ್ದ ೩೦,೦೦೦ ಯೂತ್ರೊ—ಎಂದರೆ ಸುಮಾರು ೧೭,೦೦೦ ಹೆಕ್ಟೇರ್—ಹಳೆಯ ಓಕ್ ಕಾಡನ್ನು ಮಾರಿ, ಬಂದ ಹಣವನ್ನು ಒಂದು ನಿಧಿಯಾಗಿ ಮಾಡಿ, ಅದರಿಂದ ರೈಲುದಾರಿ, ನದಿಯ ಏರಿ, ಶಾಲೆಗಳು ಮೊದಲಾದುವನ್ನು ಕಟ್ಟಿಸುವುದು ಎಂದು ಗೊತ್ತುಮಾಡಿದರು. ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಕಾಡು ಹೋಗಿ ಶಾಲೆ ಬಂದಿತು. ಆದರೆ ಅನೇಕ ತಲೆಮಾರುಗಳು ಮುಟ್ಟದೆ ಬಿಟ್ಟಿದ್ದುದು ಕೆಲವೇ ದಶಕಗಳಲ್ಲಿ ನೆಲಕ್ಕೆ ಬಿದ್ದಿತು. ಎರಡು ಮೂರು ಶತಮಾನ ವಯಸ್ಸಾದ ಮರಗಳನ್ನು ಸೀಳಿ ಪೀಪಾಯಿಯ ಹಲಗೆಗಳನ್ನು ಮಾಡಿ ಫ್ರಾನ್ಸಿಗೆ ಹಡಗಿನಲ್ಲಿ ಸಾಗಿಸಿದರು. ಸೀಳಲು ಬಾರದ ಮರದಿಂದ ಚರ್ಮ ಹದಮಾಡುವ ಸಾರವನ್ನು ತೆಗೆದರು. ನಮ್ಮಲ್ಲಿ ತಂಗಡಿಯ ತೊಗಟೆಯಿಂದ ಆಗುತ್ತಿದ್ದ ಕೆಲಸ ಅಲ್ಲಿ ಓಕಿನ ಮರದಿಂದ ಆಗುತ್ತಿತ್ತು. ಸಾವ ನದಿಯ ದಂಡೆಯ ಜುಪಾನ್ಯ ಎಂಬ ಊರಿನಲ್ಲಿ ೧೮೮೦ರ ದಶಕದಲ್ಲಿ ಇಂಗ್ಲಿಷರ ಕಂಪನಿಯೊಂದು ಇದಕ್ಕಾಗಿ ಕಾರ್ಖಾನೆಯನ್ನು ನಡೆಸಿತು. ಅದರ ಇಂಗ್ಲಿಷ್ ನೌಕರರು ಬಿಡುವಿನಲ್ಲಿ ಆಡಲು ತಂದ ಚೆಂಡೇ ಕ್ರೊಯೇಷಿಯದ ನೆಲವನ್ನು ಮುಟ್ಟಿದ ಮೊದಲನೆಯ ಕಾಲ್ಚೆಂಡು ಎಂದು ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ದೇಶ ೨೦೧೮ರಲ್ಲಿ ಪ್ರಪಂಚದ ಪಂದ್ಯದ ಕೊನೆಯ ಆಟದವರೆಗೆ ಹೋಯಿತಷ್ಟೆ. ಅದರ ವಂಶಾವಳಿಯನ್ನು ಹುಡುಕಿದರೆ ಓಕ್ ಕಾಡಿಗೆ ಬಂದು ನಿಲ್ಲುತ್ತದೆ!

ಈ ಕಡಿತವನ್ನು ಹತ್ತಿರದಿಂದ ಕಂಡು ಬರೆದವನೊಬ್ಬನಿದ್ದನು. ಯೋಸಿಪ್ ಕೋಜಾರತ್ಸ್ ಎಂದು ಅವನ ಹೆಸರು. ೧೮೫೮ರಲ್ಲಿ ವಿನ್‌ಕೋವ್ತ್ಸಿಯಲ್ಲಿ ಹುಟ್ಟಿ, ವಿಯೆನ್ನದಲ್ಲಿ ಅರಣ್ಯಶಾಸ್ತ್ರವನ್ನು ಕಲಿತು, ತನ್ನ ನಾಡಿನ ಕಾಡುಗಳಲ್ಲಿಯೇ ಅರಣ್ಯಾಧಿಕಾರಿಯಾಗಿ ದುಡಿದು, ೧೯೦೬ರಲ್ಲಿ ತೀರಿಕೊಂಡನು. ಕ್ರೊಯೇಷಿಯದ ಸಾಹಿತ್ಯದಲ್ಲಿ ಅವನಿಗೆ ಒಳ್ಳೆಯ ಸ್ಥಾನವಿದೆ. ‘ಸ್ಲಾವೋನಿಯದ ಕಾಡು’ ಎಂಬ ಅವನ ಬರವಣಿಗೆ ೧೮೮೮ರದು. ಕಾಡಿನ ಸೊಬಗನ್ನು ಬಣ್ಣಿಸುವ ಕವಿಗಳು ಎಲ್ಲ ದೇಶಗಳಲ್ಲಿಯೂ ಉಂಟು; ಯಾವ ಮರಕ್ಕೆ ಕೊಡಲಿ ಬೀಳಬೇಕೆಂದು ಗುರುತು ಹಾಕುವವನೇ ಅದನ್ನು ಬಣ್ಣಿಸುವುದು ಅಪೂರ್ವ. ಮರವನ್ನು ಪ್ರೀತಿಸಿದವನು ಕೊಡಲಿಯನ್ನು ಬೈಯಲೇಬೇಕೆಂಬ ನಿಯಮವನ್ನು ಅವನು ಒಪ್ಪಲಿಲ್ಲ. ಕಡಿದ ಜಾಗದಲ್ಲಿ ಮತ್ತೆ ಓಕು ಹುಟ್ಟುವ ದಾರಿಯೇನು ಎಂಬುದೇ ಅವನ ಚಿಂತೆಯಾಗಿತ್ತು. ಆ ಬಗೆಗೆ ಶಾಸ್ತ್ರೀಯ ಲೇಖನಗಳನ್ನೂ ಬರೆದನು. ಆ ದೇಶದ ಅರಣ್ಯ ಪತ್ರಿಕೆ ‘ಶುಮಾರ್ಸ್ಕಿ ಲಿಸ್ತ್’ ೧೮೭೭ರಲ್ಲಿಯೇ ಹೊರಡಲು ಆರಂಭವಾಗಿತ್ತೆಂದರೆ, ಇಂತಹ ಚರ್ಚೆಗೆ ಅಲ್ಲಿ ಓದುಗರೂ ಇದ್ದರೆಂದು ತಿಳಿಯಬಹುದು.

ಕಾಡು ಮತ್ತೆ ಹುಟ್ಟಿತು. ಈಗ ಸ್ಪಾಚ್ವದಲ್ಲಿ ನಿಂತಿರುವುದು ಬಹುಪಾಲು ಹೀಗೆ ಮರುಹುಟ್ಟಿದ ಕಾಡೇ ಹೊರತು ಆದಿಯಿಂದ ಬಂದ ಕಾಡಲ್ಲ. ಪ್ರವಾಸಿಗಳ ಕೈಪಿಡಿಗಳು ಇದನ್ನು ಮರೆಮಾಡುವುದನ್ನು ನಾನು ನೋಡಿದ್ದೇನೆ. ನಿಜವಾಗಿ ಹಳೆಯದಾದ ತುಂಡನ್ನು ನೋಡಬೇಕಾದರೆ ಸ್ಲಾವೋನಿಯದ ಪಶ್ಚಿಮದಲ್ಲಿ ಪ್ರಾಶ್ನಿಕ್ ಎಂಬಲ್ಲಿಗೆ ಹೋಗಬೇಕು. ೧೯೨೯ರಲ್ಲಿ ಕೊಡಲಿಯಿಂದ ಕಾಪಾಡಿ ಉಳಿಸಿದ ಸುಮಾರು ೫೦ ಹೆಕ್ಟೇರಿನ ಕಾಡು ಅದು.

ಮರುಹುಟ್ಟಿಸುವ ಕ್ರಮ ಹೀಗೆ. ಓಕಿನ ಒಂದು ಆವರ್ತಕ್ಕೆ ಅಲ್ಲಿಯವರು ಇಟ್ಟಿರುವ ಕಾಲ ೧೪೦ ವರ್ಷ. ವಯಸ್ಸು ತುಂಬಿದ ಕೂಪನ್ನು ಒಮ್ಮೆಗೇ ಬೋಳಿಸುವುದಿಲ್ಲ. ಮೊದಲು ಕೆಲವು ಮರಗಳನ್ನು ತೆಗೆದು ನೆಲಕ್ಕೆ ಬೆಳಕು ಬಿಡುತ್ತಾರೆ. ಆಮೇಲೆ ಕಾಯಿ ಬೀಳುವ ವರ್ಷಕ್ಕಾಗಿ ಕಾಯುತ್ತಾರೆ. ಓಕು ಪ್ರತಿವರ್ಷವೂ ಕಾಯಿ ಬಿಡುವ ಮರವಲ್ಲ, ಅದರ ಮನಸ್ಸು ಬಂದಾಗ ಬಿಡುತ್ತದೆ. ಕಾಯಿ ಬಿದ್ದು ಮೊಳಕೆ ಹತ್ತಿ ಸಸಿ ನೆಲಕಚ್ಚಿದಮೇಲೆ ಉಳಿದ ತಾಯಿಮರಗಳನ್ನೂ ತೆಗೆಯುತ್ತಾರೆ. ಸಾಲದಿದ್ದ ಕಡೆ ಕೈಯಿಂದ ಕಾಯಿ ಬಿತ್ತುತ್ತಾರೆ. ಜಿಂಕೆ, ಕಾಡುಹಂದಿಗಳು ನುಗ್ಗದಂತೆ ಬೇಲಿ ಹಾಕುತ್ತಾರೆ. ಅನಂತರ ಸಸಿಗಳ ನಡುವಣ ಕಳೆಯನ್ನು ಸವರುವುದು, ತೆಳುವು ಮಾಡುವುದು—ಹೀಗೆ ಆರೇಳು ತಲೆಮಾರಿನ ಅಧಿಕಾರಿಗಳು ಒಬ್ಬರ ಕೈಯಿಂದ ಒಬ್ಬರಿಗೆ ಒಪ್ಪಿಸುತ್ತಾ ಹೋಗಬೇಕು. ತಾನು ಬೇಲಿ ಹಾಕಿದ ಸಸಿ ಮರವಾಗುವುದನ್ನು ಯಾರೂ ನೋಡುವುದಿಲ್ಲ.

ತೊಡಕು ಇರುವುದು ಇಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದೇ ಅವಸರದಲ್ಲಿ ಕಡಿದುದರಿಂದ, ಈಗಿನ ಕಾಡಿನ ಬಹುಭಾಗ ಹೆಚ್ಚುಕಡಿಮೆ ಒಂದೇ ವಯಸ್ಸಿನದು. ನೂರು ದಾಟಿದ ಮರಗಳೇ ಹೆಚ್ಚು. ಇವೆಲ್ಲವೂ ನಮ್ಮ ಈ ಶತಮಾನದಲ್ಲಿಯೇ, ಹತ್ತಿರ ಹತ್ತಿರದ ವರ್ಷಗಳಲ್ಲಿ, ಸರದಿಗೆ ಬರುತ್ತವೆ. ಅವುಗಳ ಮಕ್ಕಳು ಹುಟ್ಟಬೇಕಾದ ನೆಲವಾದರೋ ಹಿಂದಿನ ನೆಲವಾಗಿ ಉಳಿದಿಲ್ಲ.

ಹತ್ತೊಂಬತ್ತನೆಯ ಶತಮಾನದ ಅಂತ್ಯದಿಂದ ಇಪ್ಪತ್ತನೆಯದರ ಮೊದಲ ದಶಕಗಳವರೆಗೆ ಸಾವ ನದಿಯ ದಂಡೆಗೆ ಏರಿಗಳನ್ನು ಕಟ್ಟಿದರು. ತಗ್ಗುಗಳಿಂದ ನೀರು ಬಸಿಯುವಂತೆ ಕಾಲುವೆಗಳನ್ನು ತೋಡಿದರು. ಹಳ್ಳಿಗಳಿಗೂ ಹೊಲಗಳಿಗೂ ಇದು ಜೀವರಕ್ಷೆ. ಕಾಡಿಗೆ ಮಾತ್ರ ವಸಂತದ ನೀರು ನಿಂತುಹೋಯಿತು. ೧೯೦೯ರ ಸುಮಾರಿಗೆ ಓಕುಗಳು ಗುಂಪುಗುಂಪಾಗಿ ಸಾಯತೊಡಗಿದುವು. ಕಂಬಳಿಹುಳುಗಳು ವರ್ಷ ವರ್ಷವೂ ಎಲೆಯನ್ನು ಬರಿದುಮಾಡಿದುವು. ಆಗತಾನೆ ಯುರೋಪಿಗೆ ಹೊಸದಾಗಿ ಬಂದಿದ್ದ ಬೂದಿರೋಗವು ಎರಡನೆಯ ಬಾರಿ ಚಿಗುರಿದ ಎಲೆಯನ್ನು ಹಿಡಿಯಿತು. ಸೊರಗಿದ ಬೇರಿಗೆ ಅಣಬೆಯ ಜಾತಿಯ ರೋಗ ಮುತ್ತಿತು. ಹುಳುವೇ ಕಾರಣವೆಂದು ಕೆಲವರು, ನೀರು ಹೋದದ್ದೇ ಕಾರಣವೆಂದು ಕೆಲವರು ಬಹುಕಾಲ ವಾದಿಸಿದರು. ಹಸಿದವನಿಗೆ ಜ್ವರ ಬಂದು ಸತ್ತರೆ ಕೊಂದದ್ದು ಹಸಿವೋ ಜ್ವರವೋ ಎಂಬ ವಾದದಂತೆ ಇದು ನನಗೆ ಕಾಣುತ್ತದೆ. ಅಂದಿನಿಂದ ಈ ಸಾವು ಬಿಟ್ಟುಬಿಟ್ಟು ಬರುತ್ತಲೇ ಇದೆ. ೨೦೧೩ರಲ್ಲಿ ಅಮೆರಿಕಾ ಖಂಡದ ಇನ್ನೊಂದು ಅತಿಥಿ, ಬಲೆಯಂತಹ ರೆಕ್ಕೆಯುಳ್ಳ ಒಂದು ಸಣ್ಣ ತಿಗಣೆ, ಇದೇ ಸ್ಪಾಚ್ವದಲ್ಲಿ ಮೊದಲು ಸಿಕ್ಕಿತು. ಎಲೆಯ ಕೆಳಬದಿಯಲ್ಲಿ ಕುಳಿತು ರಸ ಹೀರುವುದು ಅದರ ಕೆಲಸ. ಕೆಲವೇ ವರ್ಷಗಳಲ್ಲಿ, ನಡುಬೇಸಗೆಯಲ್ಲಿಯೇ ಇಡೀ ಕಾಡು ಶರತ್ಕಾಲ ಬಂದಂತೆ ಹಳದಿಯಾಗತೊಡಗಿತು.

ಹಾಗಾದರೆ ಏರಿಯನ್ನು ಒಡೆದು ನೀರನ್ನು ಬಿಟ್ಟರಾಗದೇ ಎಂದು ನೀವು ಕೇಳಬಹುದು. ೨೦೧೪ನೆಯ ಇಸವಿ ಮೇ ೧೭ರಂದು ಸಾವ ನದಿ ತಾನೇ ಏರಿಯನ್ನು ಒಡೆಯಿತು. ರಾಯೆವೊ ಸೆಲೊ ಮತ್ತು ರಾಚಿನೋವ್ತ್ಸಿ ಎಂಬ ಹಳ್ಳಿಗಳ ಬಳಿ ಏರಿ ಬಿರಿದು, ಗೂನ್ಯ ಮೊದಲಾದ ಊರುಗಳು ಮಾಡಿನವರೆಗೆ ಮುಳುಗಿದುವು. ಸಾವಿರಾರು ಜನ ಮನೆ ಬಿಟ್ಟು ಓಡಿದರು. ನೀರು ಹಳೆಯ ತಗ್ಗುಗಳನ್ನು ಹುಡುಕಿಕೊಂಡು ಕಾಡಿನೊಳಕ್ಕೂ ಹೋಯಿತು. ಮನೆಯನ್ನು ಕಳೆದುಕೊಂಡವನ ಮುಂದೆ ನಿಂತು ಓಕಿಗೆ ನೀರು ಬೇಕಾಗಿತ್ತು ಎಂದು ಹೇಳುವ ಧೈರ್ಯ ಯಾರಿಗುಂಟು? ಹಾಗೆ ಹೇಳುವುದು ಪೂರ್ತಿ ಸರಿಯೂ ಆಗುವುದಿಲ್ಲ; ಚಳಿಗಾಲದ, ವಸಂತಾರಂಭದ ನೀರನ್ನು ಓಕು ತಾಳುತ್ತದೆ, ಎಲೆ ಬಿಟ್ಟಮೇಲೆ ವಾರಗಟ್ಟಲೆ ನಿಂತ ನೀರು ಎಳೆಯ ಸಸಿಗಳನ್ನು ಉಸಿರುಗಟ್ಟಿಸುತ್ತದೆ. ನೀರು ಎಷ್ಟು ಎಂಬಷ್ಟೇ ಮುಖ್ಯವಾದುದು ಯಾವಾಗ ಎಂಬುದು.

ಇದರ ಮೇಲೆ, ಡಾನ್ಯೂಬಿನ ದಡದ ವೂಕೋವಾರ್ ಪಟ್ಟಣದಿಂದ ಸಾವದ ದಡದ ಶಾಮತ್ಸ್‌ವರೆಗೆ ಸುಮಾರು ೬೧ ಕಿಲೋಮೀಟರ್ ಉದ್ದದ ಹಡಗಿನ ಕಾಲುವೆಯೊಂದನ್ನು ತೋಡಬೇಕೆಂಬ ಯೋಜನೆ ಬಹುಕಾಲದಿಂದ ಕಾಗದದ ಮೇಲಿದೆ. ವ್ಯಾಪಾರಿಗಳಿಗೆ ದಾರಿ, ರೈತರಿಗೆ ನೀರಾವರಿ. ಅರಣ್ಯಶಾಸ್ತ್ರಜ್ಞರ ಹೆದರಿಕೆಯೇನೆಂದರೆ, ಅಂತಹ ಆಳವಾದ ಕಾಲುವೆಯು ಸುತ್ತಣ ನೆಲದ ಒರತೆಯನ್ನು ಎಲ್ಲಿ ಎಳೆದುಕೊಳ್ಳುವುದೋ, ಎಲ್ಲಿ ಏರಿಸುವುದೋ ಎಂಬುದು. ಒಂದೆರಡು ಅಡಿಯ ವ್ಯತ್ಯಾಸಕ್ಕೆ ಕಾಡಿನ ಜಾತಿಯೇ ಬದಲಾಗುವ ನೆಲವಲ್ಲವೇ? ಈ ಹೆದರಿಕೆಯನ್ನು ಅತಿಯೆಂದು ನಾನು ಎಣಿಸುವುದಿಲ್ಲ.

ಯುದ್ಧದ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ೧೯೯೧ರಿಂದ ಪೂರ್ವ ಸ್ಲಾವೋನಿಯದಲ್ಲಿ ನಡೆದ ಕಾಳಗ ಕಾಡನ್ನೂ ಬಿಡಲಿಲ್ಲ. ಕೆಲವು ಭಾಗಗಳಲ್ಲಿ ನೆಲದಡಿಯ ಸಿಡಿಗುಂಡುಗಳಿಂದಾಗಿ ವರ್ಷಗಟ್ಟಲೆ ಕಾಲಿಡುವಂತಿರಲಿಲ್ಲ. ೧೯೯೮ರ ಜನವರಿಯಲ್ಲಿ ಆ ಸೀಮೆ ಶಾಂತಿಯಿಂದ ಕ್ರೊಯೇಷಿಯಕ್ಕೆ ಮರಳಿತು. ಒಂದೇ ದೇಶದೊಳಗೆ ಇದ್ದ ಕಾಡು ಎರಡು ದೇಶಗಳ ಗಡಿಯ ಕಾಡಾಯಿತು. ಬಿಳಿಬಾಲದ ಹದ್ದು, ಕರಿಯ ಕೊಕ್ಕರೆ ಮೊದಲಾದ ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಕ್ರೊಯೇಷಿಯವು ೨೦೧೩ರಲ್ಲಿ ಯುರೋಪಿನ ಒಕ್ಕೂಟವನ್ನು ಸೇರಿದಮೇಲೆ ಅವುಗಳಿಗಾಗಿ ಈ ಕಾಡು ಒಕ್ಕೂಟದ ರಕ್ಷಿತ ಸ್ಥಳಗಳ ಪಟ್ಟಿಗೆ ಬಂದಿದೆ. ಜಾಗ್ರೆಬ್‌ನಿಂದ ಬೆಲ್‌ಗ್ರೇಡಿಗೆ ಹೋಗುವ ಹೆದ್ದಾರಿಯು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಮೋಟಾರಿನಲ್ಲಿ ಕುಳಿತವನಿಗೆ ಎರಡು ಕಡೆಯೂ ಒಂದೇ ಸಮನಾದ ಹಸುರು ಗೋಡೆ ಕಾಣುತ್ತದೆ, ನೀರು ಕಾಣುವುದಿಲ್ಲ.

ನೀರನ್ನು ನೋಡಬೇಕೆಂದವರು ನೆಲದೊಳಕ್ಕೆ ಕೊಳವೆಗಳನ್ನು ಇಳಿಸಿ, ಒರತೆಯ ಮಟ್ಟವನ್ನು ಅಳೆದು ಬರೆದಿಡುತ್ತಾರೆ. ಈ ಅಂಕಿಗಳನ್ನು ಮುಂದಿಟ್ಟುಕೊಂಡೇ ಯಾವ ತಗ್ಗಿನಲ್ಲಿ ಮತ್ತೆ ಓಕನ್ನು ಬಿತ್ತುವುದು, ಎಲ್ಲಿ ಕಾಲುವೆಗೆ ತಡೆ ಕಟ್ಟಿ ವಸಂತದ ನೀರನ್ನು ಹಿಡಿದು ನಿಲ್ಲಿಸುವುದು, ಎಲ್ಲಿ ಬೇರೆ ಮರಕ್ಕೆ ಜಾಗ ಬಿಡುವುದು ಎಂಬುದನ್ನು ಇಂದಿನ ಅರಣ್ಯಾಧಿಕಾರಿಗಳು ಗೊತ್ತುಮಾಡಬೇಕಾಗಿದೆ. ಈ ವರ್ಷ ಬೇಲಿಯೊಳಗೆ ಮೊಳೆತ ಸಸಿಯ ಸರದಿ ಬರುವುದು ೨೧೬೦ನೆಯ ಇಸವಿಯ ಆಚೆಗೆ.